ಸೋಲಾರ್‌ಗೆ ಮುಂಚೆ ಫ್ಯಾನು, ದೀಪ ನೋಡಿ

ಸದಸ್ಯೆಯರೇ, ಗ್ರಾಮಸಭೆಯಲ್ಲಿ ಪಂಚಾಯಿತಿ ಕಚೇರಿ, ಶಾಲೆ, ಅಂಗನವಾಡಿ ಅಥವಾ ಪಶು ಆಸ್ಪತ್ರೆಯ ಮೇಲೆ ಸೋಲಾರ್ ಹಾಕಿಸುವ ಮಾತು ಬಂದರೆ ಸುಮ್ಮನೆ ಕೈ ಎತ್ತಿ ಬರಬೇಡಿ. ಎಷ್ಟು ಕಿಲೋವ್ಯಾಟ್, ಅಷ್ಟೇ ಯಾಕೆ ಎಂದು ಕೇಳಿ. ಪಂಚಾಯಿತಿಯ ಹಣದಲ್ಲಿ ನಾವು ಕಟ್ಟುವ ಮನೆ ಕಂದಾಯವೂ ಸೇರಿದೆ.

ಫ್ಯಾಟ್, ಎಸ್‌ಎನ್‌ಎಫ್ ನೋಡಿ ಬಟವಾಡೆ ಲೆಕ್ಕ ಹಾಕುವ ನಮಗೆ ಈ ಲೆಕ್ಕ ದೊಡ್ಡದಲ್ಲ. ಸಾವಿರ ವ್ಯಾಟ್‌ನ ಸಾಧನ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ. ಈಗಿನ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಆಸುಪಾಸು ಸಾಕು. ಚೋಕ್ ಇರುವ ಹಳೆ ಟ್ಯೂಬ್‌ಲೈಟಿಗೆ ಹೆಚ್ಚುಕಡಿಮೆ 50 ವ್ಯಾಟ್, ಎಲ್‌ಇಡಿ ಟ್ಯೂಬಿಗೆ 20. ಆರು ಫ್ಯಾನು, ಹತ್ತು ಟ್ಯೂಬ್ ಇರುವ ಕಚೇರಿಯಲ್ಲಿ ಎಲ್ಲವೂ ದಿನಕ್ಕೆ 8 ಗಂಟೆ ಉರಿದರೆ ಹಳೆ ಸಾಮಾನಿಗೆ 7.6 ಯೂನಿಟ್ ಬೇಕು, ಹೊಸದಕ್ಕೆ ಸುಮಾರು 3. ಒಂದು ಕಿಲೋವ್ಯಾಟ್ ಸೋಲಾರ್ ನಮ್ಮ ಕಡೆ ಬಿಸಿಲಿನ ದಿನ ಸುಮಾರು 4 ಯೂನಿಟ್ ಕೊಡುತ್ತದೆ, ಚಾವಣಿಯಲ್ಲಿ ಸುಮಾರು 100 ಚದರ ಅಡಿ ಹಿಡಿಯುತ್ತದೆ. ಹಳೆ ಫ್ಯಾನು, ದೀಪಗಳನ್ನೇ ಇಟ್ಟುಕೊಂಡರೆ 2 ಕಿಲೋವ್ಯಾಟ್ ಹಾಕಿಸಬೇಕು. ಬದಲಾಯಿಸಿದರೆ ಒಂದೇ ಸಾಕು. ಕಂಪ್ಯೂಟರ್, ಜೆರಾಕ್ಸ್ ಯಂತ್ರಕ್ಕೆ ಬೇರೆ ಸೇರಿಸಬೇಕು, ನಿಜ. ಆದರೂ ತೂತು ಮುಚ್ಚದೆ ಬಿಂದಿಗೆ ತುಂಬಿಸುವ ಕೆಲಸ ಯಾಕೆ?

ನಮ್ಮ ಸಂಘದ ಬಿಎಂಸಿ ಜೋರಾಗಿ ಓಡುವುದು ಬೆಳಿಗ್ಗೆ, ಸಂಜೆ ಹಾಲು ಬಂದ ಮೇಲೆ. ಬಿಸಿಲು ಕಾಯುವುದು ನಡುಹಗಲು. ಕಚೇರಿ, ಶಾಲೆ ನಡೆಯುವುದೇ ಹಗಲು. ಹಾಗಾಗಿ ಸೋಲಾರ್ ಅವಕ್ಕೆ ಚೆನ್ನಾಗಿ ಹೊಂದುತ್ತದೆ. ರಜೆ ದಿನ ಉಳಿದ ಕರೆಂಟು, ನೆಟ್ ಮೀಟರ್ ಇದ್ದರೆ, ಲೈನಿಗೆ ಹೋಗಿ ಬಿಲ್ಲಿನಲ್ಲಿ ಲೆಕ್ಕಕ್ಕೆ ಬರುತ್ತದೆ.

ಕರೆಂಟು ಹೋದಾಗ? ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್ ಆಗ ತಾನೂ ನಿಲ್ಲುತ್ತದೆ. ಕಂಬದ ಮೇಲಿರುವ ಲೈನ್‌ಮನ್‌ಗೆ ಶಾಕ್ ಹೊಡೆಯದಿರಲಿ ಎಂದು ಹೀಗೆ ಮಾಡಿದ್ದಾರೆ. ಪಶು ಆಸ್ಪತ್ರೆಯಲ್ಲಿ ಇದು ಸಣ್ಣ ವಿಷಯವಲ್ಲ. ಕಾಲುಬಾಯಿ ಜ್ವರದ ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಕೆಟ್ಟರೆ ಚುಚ್ಚಿಸಿಯೂ ಹಸುವಿಗೆ ರಕ್ಷಣೆ ಸಿಗುವುದಿಲ್ಲ. (ವೀರ್ಯನಳಿಕೆಗೆ ಈ ಚಿಂತೆಯಿಲ್ಲ, ಅದು ದ್ರವ ಸಾರಜನಕದಲ್ಲಿರುತ್ತದೆ.) ಆದ್ದರಿಂದ ಪಶು ಆಸ್ಪತ್ರೆಗೆ, ಆರೋಗ್ಯ ಕೇಂದ್ರಕ್ಕೆ ಬ್ಯಾಟರಿ ಸಹಿತವೇ ಕೇಳಿ. ಖರ್ಚು ಹೆಚ್ಚು, ಆದರೆ ಅಲ್ಲಿ ಉಳಿಸಬೇಕಾದದ್ದು ಬಿಲ್ಲೊಂದೇ ಅಲ್ಲ.

2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ ಮನೆಗಳಿಗೆ ಸಹಾಯಧನ ಕೊಡುವುದರ ಜೊತೆಗೆ ಸರ್ಕಾರಿ ಕಟ್ಟಡಗಳ ಚಾವಣಿಗೂ ಸೋಲಾರ್ ತರುವ ಗುರಿ ಇಟ್ಟುಕೊಂಡಿದೆ. ಹಾಕಿಸುವಾಗ ಫಲಕ ತೊಳೆಯುವ ಹೊಣೆ ಯಾರದ್ದೆಂದು ಠರಾವಿನಲ್ಲೇ ಬರೆಸಿ. ಧೂಳು ಕೂತರೆ ಯೂನಿಟ್ ಇಳಿಯುತ್ತದೆ. ಕಾದ ಫಲಕಕ್ಕೆ ತಣ್ಣೀರು ಹೊಯ್ಯಬಾರದು, ಬೆಳಗಿನ ತಂಪಿನಲ್ಲೇ ತೊಳೆಯಬೇಕು. ಮರದ, ನೀರಿನ ಟ್ಯಾಂಕಿನ ನೆರಳು ಬೀಳುವ ಜಾಗ ಬೇಡ.

ಸಭೆಗೆ ಮುಂಚೆಯೇ ಪಿಡಿಒ ಅವರಿಂದ ಕಟ್ಟಡದ ಹಿಂದಿನ 12 ತಿಂಗಳ ಬಿಲ್ ಕೇಳಿ ನೋಡಿ. ಬೀದಿದೀಪದ್ದು, ಕುಡಿಯುವ ನೀರಿನ ಮೋಟಾರಿನದ್ದು ಅದರಲ್ಲಿ ಬೆರೆಯದಂತೆ ನೋಡಿಕೊಳ್ಳಿ.