ಬಂದೂಕು ಕಂಟೇನರ್‌ನಲ್ಲಿ, ಕೀ ಅವರ ಕೈಯಲ್ಲೇ: ನೇಪಾಳದ ಶಾಂತಿ ಒಪ್ಪಂದವನ್ನು ಕಾದವರ ಕತೆ

ಅಂತರ್ಯುದ್ಧವೊಂದು ನಿಂತಾಗ ಸುದ್ದಿಯ ಕೊನೇ ಸಾಲಲ್ಲಿ ಒಂದು ಮಾತು ಇದ್ದೇ ಇರುತ್ತೆ: 'ಒಪ್ಪಂದದ ಜಾರಿ ಮೇಲೆ ಅಂತರರಾಷ್ಟ್ರೀಯ ವೀಕ್ಷಕರು ನಿಗಾ ಇಡಲಿದ್ದಾರೆ.' ನಾವು ಅಷ್ಟು ಓದಿ ಸ್ಕ್ರೋಲ್ ಮಾಡ್ತೀವಿ. ಆದರೆ ಈ ನಿಗಾ ಅಂದ್ರೆ ಏನು? ಕಲಿಯೋಕೆ ಪಕ್ಕದ ನೇಪಾಳವೇ ಸಾಕು.

1996ರಲ್ಲಿ ಮಾವೋವಾದಿಗಳು ಅಲ್ಲಿ ಸಶಸ್ತ್ರ ದಂಗೆ ಶುರು ಮಾಡಿದರು. ಹತ್ತು ವರ್ಷದಲ್ಲಿ 13 ಸಾವಿರಕ್ಕೂ ಹೆಚ್ಚು ಜನ ಸತ್ತರು. 2005ರ ನವೆಂಬರ್‌ನಲ್ಲಿ ಮಾವೋವಾದಿಗಳು ಮತ್ತು ಏಳು ಪಕ್ಷಗಳ ಕೂಟ ದೆಹಲಿಯಲ್ಲಿ 12 ಅಂಶಗಳ ತಿಳಿವಳಿಕೆಗೆ ಬಂದವು. ಮುಂದಿನ ಏಪ್ರಿಲ್‌ನ ಜನಾಂದೋಲನಕ್ಕೆ ರಾಜ ಜ್ಞಾನೇಂದ್ರ ಮಣಿದರು. 2006ರ ನವೆಂಬರ್ 21ರಂದು ಸಮಗ್ರ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು.

ಅಸಲಿ ತಲೆನೋವು ಶುರುವಾಗಿದ್ದೇ ಆಮೇಲೆ. ಒಂದು ದೇಶ, ಎರಡು ಸೇನೆ, ಎದುರಿಗೆ ಚುನಾವಣೆ. ಮೊದಲು ಶಸ್ತ್ರ ಕೆಳಗಿಟ್ಟವನು ಮೋಸ ಹೋಗ್ತೀನಿ ಅಂತ ಹೆದರ್ತಾನೆ. ಶಸ್ತ್ರ ಒಪ್ಪಿಸಿದ್ರೆ ಅದು ಶರಣಾಗತಿ ಆಗುತ್ತೆ, ಮಾವೋವಾದಿಗಳು ಯುದ್ಧದಲ್ಲಿ ಸೋತಿರಲಿಲ್ಲ.

ಬೀಗದ ಲೆಕ್ಕಾಚಾರ

ಪರಿಹಾರ ಸರಳವಾಗಿತ್ತು. ಮಾವೋವಾದಿ ಸೈನಿಕರು 7 ಮುಖ್ಯ ಶಿಬಿರ ಮತ್ತು 21 ಉಪಶಿಬಿರಗಳಲ್ಲಿ ಇರಬೇಕು. ಶಸ್ತ್ರಗಳು ಅಲ್ಲೇ ಕಂಟೇನರ್ ಒಳಗೆ. ಕಂಟೇನರ್‌ಗೆ ಬೀಗ, ಆದರೆ ಕೀ ಮಾವೋವಾದಿಗಳ ಕೈಯಲ್ಲೇ! ತೆಗೆದರೆ ಸೈರನ್ ಕೂಗುತ್ತೆ, ಕ್ಯಾಮೆರಾದಲ್ಲಿ ದಾಖಲಾಗುತ್ತೆ. ನೇಪಾಳ ಸೇನೆಯೂ ಅಷ್ಟೇ ಸಂಖ್ಯೆಯ ಶಸ್ತ್ರಗಳನ್ನು ಇದೇ ಥರ ಬೀಗ ಹಾಕಿ ಇಟ್ಟಿತು.

ಇಂಜಿನಿಯರಿಂಗ್ ಓದಿದವರಿಗೆ ಇದು ಗೊತ್ತಾಗುತ್ತೆ. ಈ ವ್ಯವಸ್ಥೆ ತಪ್ಪನ್ನು ತಡೆಯೋಕೆ ಅಂತ ಕಟ್ಟಿದ್ದಲ್ಲ, ತಪ್ಪು ಗುಟ್ಟಾಗಿ ಉಳಿಯದಿರಲಿ ಅಂತ ಕಟ್ಟಿದ್ದು. ಎದುರಾಳಿ ಬೀಗ ತೆಗೆದರೆ ನನಗೆ ತಕ್ಷಣ ಗೊತ್ತಾಗುತ್ತೆ ಅನ್ನೋ ಭರವಸೆ ಇದ್ದರೆ, ನಾನೂ ನನ್ನ ಬೀಗ ತೆಗೆಯಲ್ಲ.

2007ರ ಜನವರಿ 23ರಂದು ಭದ್ರತಾ ಮಂಡಳಿ 1740ನೇ ನಿರ್ಣಯದ ಮೂಲಕ 'ಅನ್ಮಿನ್' ನಿಯೋಗವನ್ನು ರಚಿಸಿತು. ನೇತೃತ್ವ ಇಯಾನ್ ಮಾರ್ಟಿನ್ ಅವರದ್ದು. ಗರಿಷ್ಠ 186 ಶಸ್ತ್ರ ವೀಕ್ಷಕರು, ಯಾರ ಕೈಯಲ್ಲೂ ಗನ್ ಇಲ್ಲ. ದೂರು ಬಂದರೆ ಜಂಟಿ ಸಮಿತಿಯಲ್ಲಿ ಚರ್ಚೆ: ನೇಪಾಳ ಸೇನೆ ಮತ್ತು ಮಾವೋವಾದಿ ಸೇನೆಯವರು ಒಂದೇ ಮೇಜಿನಲ್ಲಿ, ಅಧ್ಯಕ್ಷತೆ ವಿಶ್ವಸಂಸ್ಥೆಯದ್ದು. ನಿನ್ನೆವರೆಗೆ ಗುಂಡು ಹಾರಿಸುತ್ತಿದ್ದವರು ಕೂತು ಮಾತಾಡಿದ ಈ ಸಮಿತಿಯೇ ಬಹುಶಃ ಇಡೀ ವ್ಯವಸ್ಥೆಯ ಜೀವ. 2008ರ ಏಪ್ರಿಲ್‌ನಲ್ಲಿ ಸಂವಿಧಾನ ಸಭೆಗೆ ಚುನಾವಣೆ ನಡೆಯಿತು, ಯುದ್ಧ ಮರುಕಳಿಸಲಿಲ್ಲ.

'ಅಯೋಗ್ಯ'ರು ಯಾರು?

ಶಿಬಿರಗಳಲ್ಲಿ 32 ಸಾವಿರಕ್ಕೂ ಹೆಚ್ಚು ಮಂದಿ ಹೆಸರು ಬರೆಸಿದ್ದರು. ಪರಿಶೀಲನೆ ಮುಗಿದಾಗ ಅರ್ಹರಾಗಿ ಉಳಿದವರು 19,602. ಸಾವಿರಾರು ಜನ ಸಂದರ್ಶನಕ್ಕೇ ಬರಲಿಲ್ಲ. 4,008 ಮಂದಿ ಅನರ್ಹರಾದರು, ಅವರಲ್ಲಿ 2,973 ಮಂದಿ 2006ರ ಮೇ 25ಕ್ಕೆ 18 ತುಂಬದವರು. ಅಂದರೆ ಬಾಲಸೈನಿಕರು.

ಇವರಿಗೆ ಅಲ್ಲಿ ಬಿದ್ದ ಹೆಸರು 'ಅಯೋಗ್ಯ'. ನೇಪಾಳಿಯಲ್ಲಿ ಅದು ಅನರ್ಹ ಅನ್ನೋ ಆಡಳಿತದ ಪದ. ಕನ್ನಡದಲ್ಲಿ ಅದೆಂಥ ಬೈಗುಳ ಅಂತ ಹೇಳಬೇಕಿಲ್ಲ. ಆ ಹುಡುಗ ಹುಡುಗಿಯರಿಗೂ ಅದು ಬೈಗುಳವಾಗಿಯೇ ತಟ್ಟಿತು. ಅವರನ್ನು ಶಿಬಿರದಿಂದ ಬಿಡುಗಡೆ ಮಾಡಿದ್ದು 2010ರಲ್ಲಿ. ಮುಂದೆ ಸ್ವಯಂನಿವೃತ್ತಿ ಆಯ್ದುಕೊಂಡ 'ಅರ್ಹ'ರಿಗೆ 5ರಿಂದ 8 ಲಕ್ಷ ನೇಪಾಳಿ ರೂಪಾಯಿ ಸಿಕ್ಕಿತು. ಇವರಿಗೆ ಸಿಕ್ಕಿದ್ದು ತರಬೇತಿ, ಶಿಕ್ಷಣದ ಪ್ಯಾಕೇಜ್ ಮಾತ್ರ.

ಎಣಿಕೆಯ ಬಗ್ಗೆಯೂ ಜಗಳ ಎದ್ದಿತು. 2009ರಲ್ಲಿ ಹೊರಬಿದ್ದ ವಿಡಿಯೊದಲ್ಲಿ ಮಾವೋವಾದಿ ನಾಯಕ ಪ್ರಚಂಡ, ತಮ್ಮ ನಿಜವಾದ ಬಲ ಏಳೆಂಟು ಸಾವಿರ ಮಾತ್ರ, ಸಂಖ್ಯೆಯನ್ನು ಹಿಗ್ಗಿಸಿ ತೋರಿಸಿದೆವು ಅಂತ ಶಿಬಿರದಲ್ಲಿ ಹೇಳಿದ್ದರು. ಟೀಕೆ ಅನ್ಮಿನ್ ಮೇಲೂ ಬಿತ್ತು. ಆದರೆ ಅದರ ಕೆಲಸ ಎರಡೂ ಕಡೆಯವರು ಒಪ್ಪಿದ ಮಾನದಂಡದಂತೆ ಪರಿಶೀಲಿಸೋದಷ್ಟೇ ಆಗಿತ್ತು.

ಯಾರೂ ಕಾಯದ ಪುಟಗಳು

2011ರ ಜನವರಿಯಲ್ಲಿ ಅನ್ಮಿನ್ ಹೊರಟಿತು. 2012ರ ಏಪ್ರಿಲ್‌ನಲ್ಲಿ ಶಿಬಿರಗಳು ನೇಪಾಳ ಸೇನೆಯ ವಶಕ್ಕೆ ಬಂದವು. ಕೊನೆಗೆ ಸೇನೆ ಸೇರಿದವರು ಸುಮಾರು 1,400 ಮಾಜಿ ಹೋರಾಟಗಾರರು ಮಾತ್ರ.

ಅದೇ ಶಾಂತಿ ಒಪ್ಪಂದದಲ್ಲಿ ಇನ್ನೊಂದು ಮಾತೂ ಇತ್ತು: ನಾಪತ್ತೆಯಾದವರ ವಿವರವನ್ನು 60 ದಿನದೊಳಗೆ ಬಹಿರಂಗ ಮಾಡಬೇಕು. ಅದಕ್ಕೆ ಸೈರನ್ ಇರಲಿಲ್ಲ, ಕ್ಯಾಮೆರಾ ಇರಲಿಲ್ಲ. ಸತ್ಯಶೋಧನೆ ಮತ್ತು ನಾಪತ್ತೆ ತನಿಖಾ ಆಯೋಗಗಳು ರಚನೆಯಾಗಿದ್ದೇ 2015ರಲ್ಲಿ. 60 ಸಾವಿರಕ್ಕೂ ಹೆಚ್ಚು ದೂರು ಬಂದವು. ಸಂತ್ರಸ್ತರು ಕೇಳುತ್ತಿದ್ದ ಕಾನೂನು ತಿದ್ದುಪಡಿಗೆ 2024ರವರೆಗೆ ಕಾಯಬೇಕಾಯ್ತು.

ಯಾಕೆ ಹೀಗೆ? ಶಸ್ತ್ರದ ಮೇಲೆ ನಿಗಾ ಎರಡೂ ಕಡೆಯವರಿಗೆ ಬೇಕಿತ್ತು, ಯಾಕಂದ್ರೆ ಭಯ ಇಬ್ಬರಿಗೂ ಇತ್ತು. ನ್ಯಾಯದ ಮೇಲಿನ ನಿಗಾ ಇಬ್ಬರಿಗೂ ಬೇಡವಾಗಿತ್ತು, ಯಾಕಂದ್ರೆ ಇಬ್ಬರ ಕೈಯಲ್ಲೂ ರಕ್ತ ಇತ್ತು. ಒಪ್ಪಿದವರು ಹಿಂದೆ ಸರಿದರೆ ವೀಕ್ಷಕರು ಏನೂ ಮಾಡೋಕಾಗಲ್ಲ ಅನ್ನೋದಕ್ಕೆ ಶ್ರೀಲಂಕಾ ಸಾಕ್ಷಿ. 2002ರ ಕದನವಿರಾಮವನ್ನು ಕಾಯುತ್ತಿದ್ದ ನಾರ್ಡಿಕ್ ದೇಶಗಳ ವೀಕ್ಷಕರು, 2008ರ ಜನವರಿಯಲ್ಲಿ ಸರ್ಕಾರ ಒಪ್ಪಂದ ಕೈಬಿಟ್ಟ ಕೂಡಲೇ ಗಂಟುಮೂಟೆ ಕಟ್ಟಬೇಕಾಯಿತು.

ಹಾಗಂತ ನಿಗಾ ವ್ಯರ್ಥ ಅಂತಲ್ಲ. ನೇಪಾಳದಲ್ಲಿ ಆ ಕಂಟೇನರ್‌ಗಳು ಎಷ್ಟೋ ಜೀವ ಉಳಿಸಿವೆ. ಮುಂದಿನ ಸಲ 'ವೀಕ್ಷಕರು ಬರ್ತಾರೆ' ಅನ್ನೋ ಸುದ್ದಿ ಓದಿದಾಗ, ಒಪ್ಪಂದದ ಯಾವ ಪುಟಗಳನ್ನು ಕಾಯೋಕೆ ಬರ್ತಿದ್ದಾರೆ ಅಂತ ಕೇಳಿ. ಕಾಯದೆ ಬಿಟ್ಟ ಪುಟಗಳಲ್ಲಿ ಯಾರ ಹೆಸರಿದೆ ಅಂತಲೂ ಕೇಳಿ. ನೇಪಾಳದಲ್ಲಿ 1,300ಕ್ಕೂ ಹೆಚ್ಚು ನಾಪತ್ತೆಯಾದವರ ಮನೆಯವರು ಇವತ್ತಿಗೂ ಅದನ್ನೇ ಕೇಳ್ತಿದ್ದಾರೆ.