ಮೇಣದ ಬತ್ತಿ: ಕೆಲವು ಸಂದೇಹಗಳು

ಹತ್ತಿಯ ವ್ಯಾಪಾರಕ್ಕೆ ಹೆಸರಾದ ಬೈಲಹೊಂಗಲದ ನೆರೆಯಲ್ಲಿರುವ ನೇಸರಗಿಯಂತಹ ಊರಿನಲ್ಲಿ, ಮೇಣದ ಬತ್ತಿಯ ಗೃಹೋದ್ಯೋಗವನ್ನು ಕೈಗೊಳ್ಳಬಯಸುವವರಿಗೆ ಮೊದಲು ಹೇಳತಕ್ಕ ಮಾತೆಂದರೆ, ಮೇಣಕ್ಕಿಂತ ಮಿಗಿಲಾಗಿ ಅದರೊಳಗಿನ ನೂಲನ್ನು ಪರೀಕ್ಷಿಸಿರಿ ಎಂಬುದು. ಬತ್ತಿ ಹೊಗೆಯುಗುಳಿದರೂ, ಕರಗಿದ ಮೇಣದಲ್ಲಿ ತಾನೇ ಮುಳುಗಿ ನಂದಿದರೂ, ಜನರು ದೂರುವುದು ಅಂಗಡಿಯಿಂದ ತಂದ ಮೇಣವನ್ನು. ಅದಾದರೋ ಬಹುಮಟ್ಟಿಗೆ ನಿರಪರಾಧಿ.

ಏಕೆಂದರೆ ಉರಿಯುವುದು ಗಟ್ಟಿ ಮೇಣವಲ್ಲ, ಕರಗಿ ನೂಲನ್ನೇರಿ ಆವಿಯಾದ ಮೇಣ. ನೂಲು ಕೃಶವಾಗಿದ್ದರೆ ಜ್ವಾಲೆ ಕಿರಿದಾಗಿ, ಅಂಚಿನ ಮೇಣ ಕರಗದೆ ಉಳಿದು, ನಡುವೆ ಮಾತ್ರ ಆಳವಾದ ಕುಳಿ ಬೀಳುತ್ತದೆ. ಸ್ಥೂಲವಾಗಿದ್ದರೆ, ಏರಿಬಂದ ಮೇಣವೆಲ್ಲ ದಹಿಸುವಷ್ಟು ಗಾಳಿ ದೊರೆಯದೆ ಮಸಿಯೇಳುತ್ತದೆ. ದೇವರ ಮುಂದಿನ ಎಣ್ಣೆದೀಪಕ್ಕೆ ಅಂಗೈಯಲ್ಲಿ ಹೊಸೆದ ಬತ್ತಿ ಸಾಕು; ಮೇಣಕ್ಕೆ ಹೆಣೆದ ನೂಲೇ ಬೇಕು. ಫ್ರಾನ್ಸಿನ ಕಾಂಬಾಸೆರೆಸ್ ಎಂಬಾತನು 1825ರ ಸುಮಾರಿಗೆ ಬಳಕೆಗೆ ತಂದ ಈ ಹೆಣಿಗೆಯ ನೂಲಿನ ತುದಿ, ಉರಿಯುತ್ತ ಬಾಗಿ, ಜ್ವಾಲೆಯ ಹೊರ ಅಂಚಿನ ಗಾಳಿಯನ್ನು ಮುಟ್ಟಿ, ತಾನಾಗಿಯೇ ಬೂದಿಯಾಗುತ್ತದೆ. ಅದಕ್ಕೆ ಮೊದಲು ಕರಿಕಟ್ಟಿದ ಕುಡಿಯನ್ನು ಮೇಲಿಂದ ಮೇಲೆ ಕತ್ತರಿಸುತ್ತಲೇ ಇರಬೇಕಾಗಿತ್ತು. ಇಷ್ಟು ಸಣ್ಣ ಬದಲಾವಣೆಯಿಂದ ಅಷ್ಟು ದೊಡ್ಡ ಉಪಕಾರ ಅಪೂರ್ವವೇ ಸರಿ.

ಬತ್ತಿ ಅಚ್ಚನ್ನು ಬಿಡದೆಂಬುದು ಇನ್ನೊಂದು ದೂರು. ಅಲ್ಯೂಮಿನಿಯಮ್ ಅಚ್ಚಿನ ಒಳಮೈಗೆ ಎಣ್ಣೆಯನ್ನು ಬಟ್ಟೆಯಿಂದ ತೆಳುವಾಗಿ ಸವರಿ, ಪ್ಯಾರಾಫಿನ್ನಿಗೆ ನೂರಕ್ಕೆ 5ರಿಂದ 10 ಭಾಗ ಸ್ಟಿಯರಿಕ್ ಆಮ್ಲವನ್ನು ಬೆರೆಸಿ ಎರೆದರೆ, ಬತ್ತಿ ಗಟ್ಟಿಯೂ ಆಗುತ್ತದೆ, ನಯವಾಗಿ ಕಳಚಿಯೂ ಬರುತ್ತದೆ. ಬೇಸಗೆಯ ಬಿಸಿಲಿಗೆ ಬತ್ತಿಗಳು ಬಾಗುವ ನಮ್ಮ ಸೀಮೆಯಲ್ಲಿ, 58ರಿಂದ 60 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುವ ಮೇಣವನ್ನೇ ಕೇಳಿ ತರುವುದು ವಿಹಿತ.

ನೂಲಿನ ಸುತ್ತ ತಗ್ಗು ಬೀಳುವುದು ದೋಷವಲ್ಲ, ಪ್ಯಾರಾಫಿನ್ನಿನ ಸ್ವಭಾವ: ಗಟ್ಟಿಯಾಗುವಾಗ ಅದು ಕುಗ್ಗುತ್ತದೆ, ಹೊರಮೈ ಮೊದಲು ಹೆಪ್ಪುಗಟ್ಟುವುದರಿಂದ ಆ ಕುಗ್ಗುವಿಕೆಯೆಲ್ಲ ನಡುವಿಗೇ ತಟ್ಟುತ್ತದೆ. ಮೇಲೆ ಕೆನೆಗಟ್ಟಿದೊಡನೆ ಕಡ್ಡಿಯಿಂದ ಚುಚ್ಚಿ, ಉಳಿಸಿಕೊಂಡಿದ್ದ ಬಿಸಿ ಮೇಣವನ್ನು ಮತ್ತೊಮ್ಮೆ ಎರೆಯಬೇಕು. ಬೇಗ ಆರಲೆಂದು ಅಚ್ಚನ್ನು ನೀರಿನ ತೊಟ್ಟಿಯಲ್ಲಿಡುವವರು ಅದರ ಎರಡು ಹೋಳುಗಳ ಸಂದನ್ನು ಬಿಗಿಯಾಗಿ ಕೂಡಿಸಿಕೊಳ್ಳಲಿ. ಅಲ್ಲಿಂದ ಒಸರಿದ ಒಂದು ಹನಿ ನೂಲನ್ನು ಸೇರಿದರೂ, ಬತ್ತಿ ಚಟಚಟನೆ ಸಿಡಿದು ನಂದುತ್ತದೆ.

ಮೇಣವನ್ನು ನೇರ ಉರಿಯ ಮೇಲೆ ಕಾಯಿಸಲೇಬಾರದು. ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯನ್ನಿಟ್ಟು ಕರಗಿಸಬೇಕು. ಒಂದು ವೇಳೆ ಬೆಂಕಿ ಹತ್ತಿಕೊಂಡರೆ ನೀರು ಸುರಿಯಬಾರದು: ಬಿಸಿ ಮೇಣದ ತಳಕ್ಕಿಳಿದ ನೀರು ಒಮ್ಮೆಗೇ ಆವಿಯಾಗಿ ಉರಿಯುವ ಮೇಣವನ್ನೆಲ್ಲ ಮೈಮೇಲೆ ಚಿಮ್ಮಿಸುತ್ತದೆ. ಒಲೆಯನ್ನಾರಿಸಿ, ಪಾತ್ರೆಯ ಬಾಯಿಗೆ ಮುಚ್ಚಳವಿಡಬೇಕು. ಆ ಮುಚ್ಚಳ ಕೆಲಸ ಮುಗಿಯುವವರೆಗೂ ಕೈಗೆಟುಕುವಲ್ಲಿಯೇ ಇರಬೇಕು.