ಹುಟ್ಟಿನಿಂದ ಬಂದ ಬಲ, ಕಟ್ಟಿಕೊಂಡ ಬಲ

ಸುಗಟೂರಿನಲ್ಲಾಗಲಿ, ಮಾಲೂರಿನಲ್ಲಾಗಲಿ, ಹೈಸ್ಕೂಲು ಹುಡುಗರ ಗುಂಪಿಗೆ ಒಂದು ಪ್ರಶ್ನೆ ಹಾಕಿ ನೋಡಿ. ಸೂಪರ್‌ಮ್ಯಾನ್ ದೊಡ್ಡವನೋ, ಬ್ಯಾಟ್‌ಮ್ಯಾನ್ ದೊಡ್ಡವನೋ? ಅರ್ಧ ಗಂಟೆ ಜಗಳ ಗ್ಯಾರಂಟಿ. ಮಕ್ಕಳ ಜಗಳ ಅಂತ ನಗಬೇಡಿ ವೀಕ್ಷಕರೇ, ಅದರೊಳಗಿನ ಪ್ರಶ್ನೆ ದೊಡ್ಡದು. ಮನುಷ್ಯನ ಬಲ ಹುಟ್ಟಿನಿಂದ ಬರುತ್ತಾ, ಅವನು ಕಟ್ಟಿಕೊಂಡಿದ್ದರಿಂದ ಬರುತ್ತಾ?

1938ರಲ್ಲಿ ಅಮೆರಿಕದ ಕಾಮಿಕ್ಸ್‌ನಲ್ಲಿ ಸೂಪರ್‌ಮ್ಯಾನ್ ಬಂದ. ಬೇರೆ ಗ್ರಹದಲ್ಲಿ ಹುಟ್ಟಿದವನು. ಹಾರುತ್ತಾನೆ, ಗುಂಡು ತಾಗಿದರೂ ಏನೂ ಆಗಲ್ಲ. ಮರುವರ್ಷವೇ ಬ್ಯಾಟ್‌ಮ್ಯಾನ್ ಬಂದ. ಇವನು ನಮ್ಮಂಥ ಮನುಷ್ಯ, ಬಿದ್ದರೆ ಮೂಳೆ ಮುರಿಯುತ್ತೆ. ಕಲಿತು, ಪಳಗಿ ಹೋರಾಡುತ್ತಾನೆ. ನಮ್ಮ ಮಹಾಭಾರತದಲ್ಲೂ ಇಬ್ಬರೂ ಇದ್ದಾರೆ. ಕರ್ಣ ಕವಚ ಕುಂಡಲದ ಜೊತೆಗೇ ಹುಟ್ಟಿದ. ಏಕಲವ್ಯ ಮಣ್ಣಿನ ಗುರುವಿನ ಮುಂದೆ ನಿಂತು ಬಿಲ್ವಿದ್ಯೆ ಕಲಿತ. ಆದರೆ ಗಮನಿಸಿ, ಕರ್ಣನನ್ನು ಜನ ನೆನೆಯೋದು ಕವಚ ಇತ್ತು ಅಂತಲ್ಲ. ಕೇಳಿದವನಿಗೆ ಅದನ್ನೇ ಕೊಟ್ಟುಬಿಟ್ಟ ಅಂತ.

ಇನ್ನೂ ಎರಡು ಗುಟ್ಟಿವೆ. ಸೂಪರ್‌ಮ್ಯಾನ್ ತನ್ನ ಗ್ರಹದಲ್ಲೇ ಇದ್ದಿದ್ದರೆ ಎಲ್ಲರಂತೆ ಒಬ್ಬನಾಗಿರುತ್ತಿದ್ದ. ನಮ್ಮ ಸೂರ್ಯನ ಬೆಳಕು ಬಿದ್ದಿದ್ದರಿಂದ ಅವನಿಗೆ ಆ ಬಲ. ಇನ್ನು ಬ್ಯಾಟ್‌ಮ್ಯಾನ್? ಅವನು ಕೋಟ್ಯಧಿಪತಿಯ ಮಗ. ಕಾರು, ಯಂತ್ರ, ಗುಹೆ ಎಲ್ಲ ಅಪ್ಪನ ಆಸ್ತಿಯಿಂದ ಬಂದದ್ದು. ಅದೂ ಹುಟ್ಟಿನಿಂದ ಬಂದ ಬಲವೇ ಅಲ್ವಾ? ಶಕ್ತಿ ಇಲ್ಲದ ಹೀರೋ ಅಂತ ನಾವು ಕರೆಯೋನ ಹತ್ತಿರವೂ ಹುಟ್ಟಿನ ಬಂಡವಾಳ ಇದ್ದೇ ಇದೆ.

ಹಾಗಾದರೆ ಹುಟ್ಟು ಏನನ್ನೂ ಕೊಡದೆ, ಇದ್ದದ್ದನ್ನೂ ಕಿತ್ತುಕೊಂಡರೆ? ಈ ಪ್ರಶ್ನೆಗೆ ಉತ್ತರ ಕೋಲಾರ ಜಿಲ್ಲೆಯಲ್ಲೇ ಇದೆ. 2018ರ ಸಿನಿಮಾದಿಂದ ಇಡೀ ದೇಶಕ್ಕೆ ಗೊತ್ತಾದ ಕೆಜಿಎಫ್‌ನಲ್ಲೇ ಇದೆ. ಆದರೆ ಆ ಹೆಸರು ರಾಕಿ ಅಲ್ಲ, ಬೆಜವಾಡ ವಿಲ್ಸನ್.

1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟು ಬಂತು. ಬೆಂಗಳೂರಿಗೆ ಬಂದದ್ದು ಮೂರು ವರ್ಷ ಆದಮೇಲೆ. ಚಿನ್ನ ತೆಗೆಯೋಕೆ ವಿದ್ಯುತ್ ತಂದ ಊರು, ಮಲ ತೆಗೆಯೋಕೆ ಮಾತ್ರ ಮನುಷ್ಯರ ಕೈಯನ್ನೇ ನಂಬಿಕೊಂಡಿತ್ತು. 1966ರಲ್ಲಿ ವಿಲ್ಸನ್ ಹುಟ್ಟಿದ್ದು ಅದೇ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ. ಹುಟ್ಟಿನಿಂದ ಸಿಕ್ಕಿದ್ದು ಕವಚ ಅಲ್ಲ, ಹೊರೆ.

ಅವರಿಗೆ ಹಾರೋಕೆ ಬರಲಿಲ್ಲ, ಪತ್ರ ಬರೆದರು. ಒಣ ಪಾಯಿಖಾನೆ ಮುಚ್ಚಿಸಿ ಅಂತ 1986ರಿಂದ ದನಿ ಎತ್ತಿದರು. 1990ರ ದಶಕದಲ್ಲಿ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದವರಲ್ಲಿ ಒಬ್ಬರಾದರು. ಮಲ ಹೊರಿಸೋದನ್ನು ನಿಷೇಧಿಸುವ ಕಾನೂನು 1993ರಲ್ಲೇ ಆಗಿತ್ತು, ಆದರೆ ಕಾಗದದಲ್ಲಿ ಉಳಿದಿತ್ತು. ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯ್ತು. 2014ರಲ್ಲಿ ತೀರ್ಪು ಬಂತು: 1993ರಿಂದೀಚೆಗೆ ಚರಂಡಿಗಿಳಿದು ಸತ್ತವರ ಕುಟುಂಬಕ್ಕೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಿ. 2016ರಲ್ಲಿ ವಿಲ್ಸನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಿಕ್ಕಿತು.

ಕಾಮಿಕ್ಸ್‌ನಲ್ಲಿ ಕೊನೆಯ ಪುಟಕ್ಕೆ ಖಳನಾಯಕ ಸೋಲುತ್ತಾನೆ. ಇಲ್ಲಿ ಹಾಗಾಗಿಲ್ಲ, ಮ್ಯಾನ್‌ಹೋಲ್‌ಗಳಲ್ಲಿ ಜನ ಸಾಯುತ್ತಲೇ ಇದ್ದಾರೆ. ಹುಟ್ಟಿನ ಬಲ ಇರುವವನನ್ನು ಕೇಳಬೇಕಾದ್ದು ಅದನ್ನು ಯಾರಿಗಾಗಿ ಬಳಸಿದೆ ಅಂತ. ಬಲವೇ ಇಲ್ಲದವನು ಎದ್ದು ನಿಂತಾಗ ಕೇಳಬೇಕಾದ್ದು ನಮ್ಮನ್ನೇ: ಅವನ ತಲೆ ಮೇಲೆ ಆ ಹೊರೆ ಇಟ್ಟವರು ಯಾರು?